ಗಾಡ್ಯಾಗ ಉಳಿದ ವೈರಿನ ತುದಿ ಸರಿಯಾಗಿ ಮುಚ್ಚೂದು ಹೆಂಗ

ಎರಡು ವರ್ಷದ ಹಿಂದಿನ ಮಾತು, ಗದಗಿನ್ಯಾಗ ತಂಗಿ ಕುಬಸ ಮುಗಿಸ್ಕೊಂಡು ರಾತ್ರಿ ಹುಬ್ಬಳ್ಳಿಗೆ ಹೊಳ್ಳಿ ಬರಾಕತ್ತಿದ್ವಿ, ಜಿಟಿಜಿಟಿ ಮಳಿ, ಗಾಡ್ಯಾಗ ಅವ್ವ ಬ್ಯಾರೆ ಇದ್ಲು. ಅಣ್ಣಿಗೇರಿ ದಾಟಿ ಸ್ವಲ್ಪ ಮುಂದ ಬಂದಿದ್ವಿ ಅಷ್ಟ, ಗಾಡಿ ಒಮ್ಮಿಗಲೇ ಬಂದ್ ಆತು. ಹೆಡ್‌ಲೈಟ್ ಹತ್ತೇ ಅದ, ಸೆಲ್ಫ್ ಹೊಡಿತದ, ಇಂಜಿನ್ ಮಾತ್ರ ಹಿಡಿವಲ್ದು. ಫ್ಯೂಜ್ ಬಾಕ್ಸ್ ತಗದು ನೋಡಿದ್ರ 15 ಆಂಪಿನ ನೀಲಿ ಫ್ಯೂಜ್ ಒಂದು ಸುಟ್ಟಿತ್ತು, ಸ್ಪೇರ್ ಹಾಕಿ ಕೀ ತಿರುವಿದೆ, ಅದೂ ಹೋತು. ಉಳಿದದ್ದು ಒಂದೇ ಸ್ಪೇರು. ಮೊಬೈಲ್ ಟಾರ್ಚ್ ಹಚ್ಕೊಂಡು ಡ್ಯಾಶ್‌ಬೋರ್ಡ್ ಕೆಳಗ ತಲಿ ಹಾಕಿ ಹುಡುಕಿದಾಗ ಸಿಕ್ಕಿದ್ದು ಒಂದು ಗೇಣು ಕೆಂಪು ವೈರು. ನನಗಿಂತ ಮೊದಲ ಆ ಗಾಡಿ ಇಟ್ಟಿದ್ದವರು ಜಿಪಿಎಸ್ ಹಾಕಿಸಿ, ಮಾರೂಮುಂದ ಡಬ್ಬಿ ಅಷ್ಟ ಕಿತ್ಕೊಂಡು ವೈರಿನ ತುದಿಗೆ ಕರಿ ಟೇಪ್ ಸುತ್ತಿ ಬಿಟ್ಟಿದ್ರು. ಬ್ಯಾಸಗ್ಯಾಗ ಆ ಟೇಪಿನ ಅಂಟು ಕರಗಿ, ಕಾಲಚೀಲ ಜಾರಿದಂಗ ಟೇಪ್ ಕೆಳಗ ಜಾರಿ, ಬೋಳ ತುದಿ ಬ್ರೇಕ್ ಪೆಡಲಿನ ಕಬ್ಬಿಣಕ್ಕ ತಾಗಿತ್ತು. ಆ ವೈರ್ ಜೋಡಿಸಿದ್ದು ಫ್ಯುಯೆಲ್ ಪಂಪಿನ ಫ್ಯೂಜಿಗೆ, ಅದಕ್ಕ ಗಾಡಿನೇ ನಿಂತು ಬಿಡ್ತು. ಬಾಲ್‌ಪೆನ್ನಿನ ಟೊಪಗಿ ಆ ತುದಿಗೆ ಹಾಕಿ, ಕರವಸ್ತ್ರದಲೆ ಬಿಗದು ಕಟ್ಟಿ, ಕಡೀ ಫ್ಯೂಜ್ ಹಾಕಿ ಮನಿ ಮುಟ್ಟಿದ್ವಿ.

ಮರುದಿನ ಮುಂಜಾನೆ ಆ ವೈರ್ ಕತ್ತರಿಸಿ ನೋಡಿದಾಗ ನನಗ ಇನ್ನೊಂದು ಕಂಡಿತು. ತುದಿಯಿಂದ ಎರಡು ಇಂಚು ಒಳಗಿನ ತನಕ ತಾಮ್ರ ಹಸರ ಆಗಿ ಪುಡಿ ಉದರಾಕತ್ತಿತ್ತು. ಅಂದ್ರ ತುದಿ ತಾಗಿ ಶಾರ್ಟ್ ಆಗೂದು ಒಂದು ಕಾಟ ಆದ್ರ, ತುದ್ಯಾಗಿಂದ ನೀರು ಒಳಗ ಹೋಗೂದು ಎರಡನೇ ಕಾಟ. ಮಂದಿ ಬರೇ ಮೊದಲನೇದಕ್ಕ ಟೇಪ್ ಸುತ್ತುತಾರ, ಎರಡನೇದರ ಬಗ್ಗೆ ಯಾರೂ ವಿಚಾರ ಮಾಡಂಗಿಲ್ಲ, ನಾನು ಈ ಬರಿಯೂದು ಮುಖ್ಯ ಅದಕ್ಕ.

ಗಾಡಿ ವೈರ್ ಒಳಗ ಒಂದು ದಪ್ಪ ತಂತಿ ಇರಂಗಿಲ್ಲ, ಸಣ್ಣ ಸಣ್ಣ ಎಳಿ ಹೊಸೆದಿರ್ತಾರ. ಪಣತ್ಯಾಗಿನ ಬತ್ತಿ ಎಣ್ಣಿ ಮ್ಯಾಲ ಎಳಕೊಳ್ಳೂದು ನೋಡೀರಲ್ಲ, ಥೇಟ್ ಹಂಗ ಈ ಎಳಿ ನಡುವಿನ ಸಂದ್ಯಾಗ ನೀರು ತಾನ ಮ್ಯಾಲ ಏರ್ತದ, ಪಂಪ್ ಬೇಕಾಗಿಲ್ಲ. ಮ್ಯಾಲ ಪ್ಲಾಸ್ಟಿಕ್ ಇರೋದ್ರಿಂದ ಒಳಗ ಹೋದ ನೀರು ಲಗು ಆರಂಗಿಲ್ಲ. ಅದರಾಗ ಆ ವೈರಿನ್ಯಾಗ 12 ವೋಲ್ಟ್ ಕರಂಟ್ ಇತ್ತಂದ್ರ ಕೆಲಸ ಇನ್ನೂ ಜೋರು, ಪ್ಲಸ್ ವೈರಿನ ತುದಿ, ಹಸಿ ಧೂಳು, ಬಾಡಿ (ಬ್ಯಾಟರಿ ಮೈನಸ್ ಜೋಡಿಸಿದ ಗಾಡಿ ಕಬ್ಬಿಣ, ಅದಕ್ಕ ಅರ್ಥ್ ಅಂತಾರ) ಮೂರೂ ಸೇರಿ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ನಡದಂಗ ಆಗ್ತದ, ಪ್ಲಸ್ ಕಡೆ ತಾಮ್ರ ಕರಗಿ ಕರಗಿ ಹೋಗ್ತದ. ತಾಮ್ರದ ತಂಬಿಗಿಗೆ ಕಿಲುಬು ಹಿಡದ್ರ ಹುಣಸಿಹಣ್ಣು ಹಚ್ಚಿ ತಿಕ್ಕಬಹುದು, ವೈರಿನ ಒಳಗಿನ ಕಿಲುಬಿಗೆ ಔಷಧ ಇಲ್ಲ, ಕತ್ತರಿಸೂದೊಂದ. ನವಲಗುಂದ ನರಗುಂದ ಕಡೆ ಎರಿಮಣ್ಣಿನ ದಾರ್‍ಯಾಗ ಓಡೂ ಗಾಡಿ ಇದ್ರಂತೂ ಇದು ಜಾಸ್ತಿ ಕಾಡ್ತದ, ಎರಿಮಣ್ಣು ಒಮ್ಮೆ ಮೆತ್ತಿಕೊಂಡ್ರ ಹಸಿ ಹಿಡಕೊಂಡು ಕೂಡ್ತದ, ಧಾರವಾಡ ಕಲಘಟಗಿ ಕಡೆ ಮಳ್ಯಾಗ ಗಾಡಿ ಕೆಳಭಾಗ ವಾರಗಟ್ಟಲೆ ಒಣಗಂಗೇ ಇಲ್ಲ.

ಈಗ ಕೆಲಸಕ್ಕ ಬರೋಣು.

ಆಟೋ ಇಲೆಕ್ಟ್ರಿಕಲ್ ಕೆಲಸ ಮಾಡೂ ನಮ್ಮ ಕಾಕಾ ಒಬ್ರು ಅದಾರ, ಅವರು ಮೊದಲನೇ ದಿನಾನ ನನಗ ಹೇಳಿದ್ದು, "ತಮ್ಮಾ, ತುದಿ ಮುಚ್ಚೂದಕ್ಕಿಂತ ಬುಡಾ ಕಿತ್ತೂದು ಚಲೋ." ಅಂದ್ರ ಹೊರಗಿನವರು ಹಾಕಿದ ವೈರ್ ಇದ್ರ (ಜಿಪಿಎಸ್, ಆಂಪ್ಲಿಫೈಯರ್, ಅಲಾರಾಂ, ಫಾಗ್ ಲ್ಯಾಂಪ್, ಜೋಡಿ ಹಾರ್ನ್) ಅದನ್ನ ಹಿಡಕೊಂಡು ಹಿಂದಕ್ಕ ಹಿಂದಕ್ಕ ಹೋಗಿ ಎಲ್ಲಿಂದ ಬಂದದ ಅಲ್ಲಿಗೆ ಬಿಚ್ಚಿ ಪೂರ್ತಿ ಹೊರಗ ತಗೀರಿ. ಬ್ಯಾಟರಿ ಟರ್ಮಿನಲ್‌ಗೆ ಲಗ್ (ವೈರಿನ ತುದಿಯ ಲೋಹದ ಉಂಗುರ) ಹಾಕಿದ್ರ ಲಗ್ ತಗೀರಿ, ಫ್ಯೂಜಿನ ಕಾಲಿಗೆ ಎಳಿ ಸುತ್ತಿ ಫ್ಯೂಜ್ ಒತ್ತಿದ್ರ (ಇದು ಭಾಳ ಕಡೆ ಮಾಡ್ತಾರ, ಫ್ಯೂಜ್ ಕೂಡೂ ಜಾಗ ಸಡಿಲ ಆಗ್ತದ) ಆ ಎಳಿ ಬಿಡಿಸಿ ಫ್ಯೂಜ್ ಸ್ವಚ್ಛ ಮಾಡಿ ಹಾಕ್ರಿ. ವೈರೇ ಇಲ್ಲಂದ್ರ ಮುಚ್ಚೂ ಪ್ರಶ್ನೆನೇ ಇಲ್ಲ. ಆದ್ರ ಕಂಪನಿಯಿಂದ ಬಂದ ಹಾರ್ನೆಸ್ಸಿನ (ವೈರುಗಳ ಕಟ್ಟಿನ) ವೈರು, ಅಥವಾ ಮುಂದ ಮತ್ತ ಬೇಕಾಗಬಹುದು ಅನ್ನೂ ವೈರು, ಇಲ್ಲಾ ಬುಡ ಸಿಗಲಾರದ ವೈರು, ಇವನ್ನ ಬುಡಕ್ಕ ಕತ್ತರಿಸಬ್ಯಾಡ್ರಿ, ಇವಕ್ಕ ತುದಿ ಮುಚ್ಚೂದ ಬರೋಬರಿ.

ಮುಟ್ಟೂಕಿಂತ ಮೊದಲ ಅದು ಯಾವ ವೈರ್ ಅನ್ನೂದು ಗೊತ್ತು ಮಾಡ್ಕೋಬೇಕು. ಮಲ್ಟಿಮೀಟರ್ (ವೋಲ್ಟ್, ಆಂಪ್ ಅಳಿಯೂ ಮೀಟರ್) ಡಿಸಿ 20 ವೋಲ್ಟಿಗೆ ಇಟ್ಟು, ಕರಿ ಪ್ರೋಬ್ ಬ್ಯಾಟರಿ ಮೈನಸ್‌ಗೆ, ಕೆಂಪು ಪ್ರೋಬ್ ವೈರಿನ ತುದಿಗೆ ಹಿಡದು, ಕೀ ಬಂದ್ ಇದ್ದಾಗ ಒಮ್ಮೆ, ಒಂದು ಸ್ಟೆಪ್ ತಿರುವಿ ಒಮ್ಮೆ, ಪೂರ್ತಿ ಆನ್ ಮಾಡಿ ಒಮ್ಮೆ, ಲೈಟ್ ಹಚ್ಚಿ ಒಮ್ಮೆ ನೋಡ್ರಿ. ಕೀ ಬಂದ್ ಇದ್ದಾಗೂ 12 ಮ್ಯಾಲ ತೋರಿಸಿದ್ರ ಅದು ನೇರ ಬ್ಯಾಟರಿ ವೈರು, ರಾತ್ರಿ ಗಾಡಿ ನಿಂತಾಗೂ ಅದು ಎಚ್ಚರ ಇರ್ತದ. ಲೈಟ್ ಹಚ್ಚಿದಾಗಷ್ಟ ಬಂದ್ರ ಪಾರ್ಕಿಂಗ್ ಲೈಟಿನ ಲೈನು. ಎಲ್ಲಾದಕ್ಕೂ ಸೊನ್ನೆ ಬಂತಂದ್ರ "ಇದು ಸತ್ತದ" ಅಂತ ತಿಳಕೋಬ್ಯಾಡ್ರಿ, ಹಾರ್ನ್ ಒತ್ತಿದಾಗ, ರಿವರ್ಸ್ ಹಾಕಿದಾಗ, ಬ್ರೇಕ್ ತುಳಿದಾಗ ಮಾತ್ರ ಕರಂಟ್ ಬರೂ ವೈರೂ ಇರ್ತಾವ, ಒಬ್ಬರನ್ನ ಒಳಗ ಕೂಡಿಸಿ ಎಲ್ಲಾ ಒತ್ತಿಸಿ ನೋಡ್ರಿ. ಸಿಕ್ಕ ಉತ್ತರ ಅಲ್ಲೇ ಚೀಟ್ಯಾಗ ಬರದು ಇಟ್ಕೋರಿ, ಮುಂದ ಲೇಬಲ್ಲಿಗೆ ಬೇಕಾಗ್ತದ.

ಎರಡು ಥರದ ವೈರಿಗೆ ಕೈ ಹಚ್ಚಬ್ಯಾಡ್ರಿ. ಹಳದಿ ಕನೆಕ್ಟರ್, ಹಳದಿ ಕೊಳವಿ ಒಳಗ ಬರೂವು ಏರ್‌ಬ್ಯಾಗಿನವು, ಅವಕ್ಕ ಮೀಟರೂ ಹಿಡಿಬಾರದು ಟೆಸ್ಟ್ ಲ್ಯಾಂಪೂ ಹಿಡಿಬಾರದು. ಮತ್ತ ಎರಡು ಸಣ್ಣ ವೈರ್ ಒಂದಕ್ಕೊಂದು ಜಡಿ ಹೆಣದಂಗ ಹೊಸೆದು ಬಂದಿದ್ರ ಅದು ಹೆಚ್ಚಾಗಿ ಕ್ಯಾನ್ ಲೈನು, ಇಸಿಯುಗಳು (ಗಾಡ್ಯಾಗಿನ ಸಣ್ಣ ಕಂಪ್ಯೂಟರ್‌ಗಳು) ತಮ್ಮ ತಮ್ಮಾಗ ಮಾತಾಡೂದು ಅದರ ಮ್ಯಾಲ, ಅವೆರಡರ ತುದಿ ಒಂದಕ್ಕೊಂದು ತಾಗಿದ್ರ ಮೀಟರ್ ಬೋರ್ಡಿನ್ಯಾಗ ಎಲ್ಲಾ ದೀಪ ಹತ್ತಿ ಗಾಡಿ ಶುರುನ ಆಗಲಿಕ್ಕಿಲ್ಲ. ಹಳೇ ಸ್ಟೀರಿಯೋ ಕಿತ್ತ ಜಾಗದಾಗ ಅಂಥಾ ಜೋಡಿ ಸಿಕ್ರ ಹೊಸೆದದ್ದು ಬಿಡಿಸಬ್ಯಾಡ್ರಿ, ಎರಡನ್ನೂ ಬ್ಯಾರೆ ಬ್ಯಾರೆ ಮುಚ್ಚಿ ಬಿಡ್ರಿ.

ಗೊತ್ತು ಮಾಡ್ಕೊಂಡ ಮ್ಯಾಲ ಬ್ಯಾಟರಿ ಬಿಚ್ರಿ, ಮೈನಸ್ ಮೊದಲ. ಪ್ಲಸ್ ಮೊದಲ ಬಿಚ್ಚಾಕ ಹೋದ್ರ ಪಾನಾ ಜಾರಿ ಬಾಡಿಗೆ ತಾಗಿತಂದ್ರ ನೂರಾರು ಆಂಪ್ ಪಾನಾದಾಗಿಂದ ಹರೀತದ, ಪಾನಾ ಅಲ್ಲೇ ಬೆಸುಗಿ ಹತ್ತಿದ್ದು ನಾ ಕಣ್ಣಾರೆ ನೋಡೇನಿ. ಮೈನಸ್ ಬಿಚ್ಚಿದ ಮ್ಯಾಲ ಆ ದಾರಿ ಕಟ್ಟಾಗ್ತದ. ಹೊಳ್ಳಿ ಹಾಕೂಮುಂದ ಪ್ಲಸ್ ಮೊದಲ, ಮೈನಸ್ ಕಡೀಕ.

ಸಾಮಾನು ಭಾಳೇನು ಬೇಕಾಗಿಲ್ಲ. ಚಲೋ ಕಟ್ಟರ್, ಮೂಗಿನ ಪಕ್ಕಡ, ಬಟ್ಟಿ ಟೇಪು, ಮತ್ತ ಮುಖ್ಯವಾಗಿ ಒಳಗ ಅಂಟು ಇರೂ ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದ್ರ ಕುಗ್ಗೂ ಪ್ಲಾಸ್ಟಿಕ್ ಕೊಳವಿ). ಅಂಗಡ್ಯಾಗ ಬರೇ ಸ್ಲೀವ್ ಅಂತ ಕೇಳಿದ್ರ ಸಾದಾದ ಕೊಡ್ತಾರ, ಅದು ಎರಡಕ್ಕ ಒಂದು ಪಾಲು ಕುಗ್ಗತದ, ಒಳಗ ಅಂಟು ಇರಂಗಿಲ್ಲ, ತುದಿ ತಾಗಲಾರದಂಗ ಕಾಯ್ತದ ಆದ್ರ ನೀರು ತಡಿಯಂಗಿಲ್ಲ. "ಡಬಲ್ ವಾಲ್, ಅಂಟಿಂದು, ಮೂರಕ್ಕ ಒಂದು" ಅಂತ ಬಿಡಿಸಿ ಕೇಳ್ರಿ, ಕೈಯಾಗ ಹಿಡದ್ರ ಗೊತ್ತಾಗ್ತದ, ಅದು ದಪ್ಪ, ಸ್ವಲ್ಪ ಬಿರುಸು, ಒಳಗಿನ ಗೋಡಿ ಹೊಳೀತದ. ಕಾಯಿಸಿದಾಗ ಹೊರಗಿನ ಕೊಳವಿ ಕುಗ್ಗತದ, ಒಳಗಿನ ಅಂಟು ಕರಗಿ ವೈರಿನ ಸುತ್ತ ಹರದು, ತಣ್ಣಗಾದ ಮ್ಯಾಲ ಲಾಕ್ ಆಗಿ ಕೂಡ್ತದ. 1 ಚದರ ಎಂಎಂ ಸಾದಾ ವೈರಿಗೆ 4.8 ಎಂಎಂ ಸ್ಲೀವ್ ಸಾಕು, ಮಡಚಿ ಹಾಕೂದಾದ್ರ 6.4. ಬೆಲಿ ಸಾದಾದಕ್ಕಿಂತ ಜಾಸ್ತಿ ಖರೇ, ಆದ್ರ ಒಂದು ತುದಿಗೆ ಬೇಕಾಗೂದು ಮೂರು ನಾಕು ಸೆಂಟಿಮೀಟರ್, ಒಂದು ಮೀಟರ್ ತಗೊಂಡ್ರ ಎರಡು ಮೂರು ಗಾಡಿ ಕೆಲಸ ಮುಗೀತದ.

ಈಗ ತುದಿ. ಮೊದಲ ಹಳೇ ಟೇಪ್ ತಗದು, ತಾಮ್ರದ ಬಣ್ಣ ನೋಡ್ರಿ. ಹೊಸಾ ತಾಮ್ರ ಹೊಳೀಬೇಕು. ಕರ್ರಗ, ಹಸರ, ಇಲ್ಲಾ ಬೂದಿ ಹಚ್ಚಿದಂಗ ಕಂಡ್ರ ಒಂದೊಂದ ಇಂಚು ಹಿಂದಕ್ಕ ಕತ್ತರಿಸ್ಕೋತ ಹೋಗ್ರಿ, ಹೊಳೆಯೂ ತಾಮ್ರ ಸಿಗೂತನಾ. ಕಿಲುಬು ಹಿಡದ ತುದಿ ಮ್ಯಾಲ ಸ್ಲೀವ್ ಹಾಕಿದ್ರ ರೋಗ ಒಳಗ ಇಟ್ಟು ಬಾಗಲಾ ಹಾಕಿದಂಗ. ಕಡೀ ಪೆಟ್ಟು ಕಟ್ಟರಿಂದ ಸಪಾಟ ಇರ್ಲಿ, ಓರೆ ಕತ್ತರಿಸಿದ್ರ ಒಂದು ಎಳಿ ಮುಳ್ಳಿನಂಗ ಹೊರಗ ಬಂದು ಆಮ್ಯಾಲ ಸ್ಲೀವ್ ಚುಚ್ಚಿ ತೂತ ಮಾಡ್ತದ. ಇನ್ಸುಲೇಷನ್ ಸುಲಿಯೂದು ಬ್ಯಾಡ. ಭಾಳ ಮಂದಿ ರೂಢಿ ಮ್ಯಾಲ ಸುಲದು ಬಿಡ್ತಾರ, ಇಲ್ಲಿ ನಾವು ಜೋಡಿಸಾಕತ್ತಿಲ್ಲ, ಮುಚ್ಚಾಕತ್ತೇವಿ, ತಾಮ್ರ ಪ್ಲಾಸ್ಟಿಕ್ ಸಮಾ ಇರಬೇಕು, ಹೊರಗ ಒಂದು ಎಳೀನೂ ಬರಬಾರದು.

ವೈರಿನ ಹೊರಮೈ ಮ್ಯಾಲಿನ ಎಣ್ಣಿ, ಧೂಳು, ಹಳೇ ಟೇಪಿನ ಅಂಟು ಸ್ಪಿರಿಟ್ ಹಚ್ಚಿದ ಅರಿವಿಲೆ ಎರಡು ಇಂಚಿನ ಮಟ ಒರಸ್ರಿ, ಜಿಗಿಟು ಇದ್ರ ಅಂಟು ಹಿಡಿಯಂಗಿಲ್ಲ. ಪೂರ್ತಿ ಆರಲಿ. ಮಳಿಗಾಲದಾಗ ಮಾಡಾಕತ್ತಿದ್ರ ಕೂದ್ಲ ಒಣಗಿಸೂ ಡ್ರೈಯರ್ ಐದು ನಿಮಿಷ ಹಿಡೀರಿ, ಒಳಗ ಹಸಿ ಇಟ್ಟು ಮುಚ್ಚಿದ್ರ ಆ ಹಸಿ ಒಳಗ ಉಳೀತದ.

ಸ್ಲೀವ್ ಸುಮಾರು 35 ಎಂಎಂ ಕತ್ತರಿಸ್ಕೋರಿ. ಅದರಾಗ 20 ಎಂಎಂ ವೈರಿನ ಮ್ಯಾಲ ಇರ್ಲಿ, 15 ಎಂಎಂ ತುದಿ ದಾಟಿ ಖಾಲಿ ಮುಂದ ಬರ್ಲಿ. ಹೀಟ್ ಗನ್ ವೈರಿನ ಕಡೆಯಿಂದ ಶುರು ಮಾಡಿ ಖಾಲಿ ತುದಿ ಕಡೆ ಸರಿಸ್ಕೋತ ಹೋಗ್ರಿ, ಒಂದ ಕಡೆ ನಿಲ್ಲಿಸಬ್ಯಾಡ್ರಿ, ಸ್ಲೀವ್ ಕುಗ್ಗೂದು 90ರಿಂದ 120 ಡಿಗ್ರಿಗೆ, ಅದಕ್ಕಿಂತ ಜಾಸ್ತಿ ಕೊಟ್ರ ವೈರಿನ ಪಿವಿಸಿನೇ ಮೆತ್ತಗಾಗ್ತದ. ವೈರಿನ ಕಡೆಯಿಂದ ಅಂಟು ಸಣ್ಣ ಉಂಗುರದಂಗ ಹೊರಗ ಬಂದದ್ದು ಕಾಣಬೇಕು. ಕಂಡ ಕೂಡ್ಲೆ, ಇನ್ನೂ ಬಿಸಿ ಇದ್ದಾಗನ, ಖಾಲಿ ತುದಿ ಮೂಗಿನ ಪಕ್ಕಡದಲೆ ಚಪ್ಪಟಿ ಒತ್ತಿ ಹತ್ತು ಹದಿನೈದು ಎಣಿಸೂತನಾ ಹಿಡೀರಿ. ಒಳಗಿನ ಅಂಟು ಎರಡೂ ಗೋಡಿ ಕೂಡಿಸಿ ಬಿಡ್ತದ, ಕರಜೀಕಾಯಿ ಅಂಚು ಒತ್ತಿ ಮುಚ್ತಾರಲ್ಲ, ಹಂಗ. ಲಗು ಬಿಟ್ರ ಬಾಯಿ ತೆರೀತದ, ಮತ್ತ ಕಾಯಿಸಿ ಒತ್ತಬೇಕು.

ಹೀಟ್ ಗನ್ ಇಲ್ಲಂದ್ರ ಲೈಟರ್ ನಡೀತದ, ಆದ್ರ ಜ್ವಾಲಿ ಮುಟ್ಟಿಸಬಾರದು, ಅದರ ಮ್ಯಾಲಿನ ಬಿಸಿ ಗಾಳಿ ಸಾಕು, ಸ್ಲೀವ್ ಕರ್ರಗಾತು ಅಂದ್ರ ಸುಟ್ಟದ ಅಂತ. ಬೈಕಿನ ಟಾಕಿ, ಪೆಟ್ರೋಲ್ ಪೈಪ್ ಹತ್ರ ಲೈಟರ್ ಬ್ಯಾಡ್ರಿ, ಬ್ಯಾಟರಿ ಹತ್ರನೂ ಬ್ಯಾಡ, ಚಾರ್ಜ್ ಆಗೂಮುಂದ ಬ್ಯಾಟರಿಯಿಂದ ಹೈಡ್ರೋಜನ್ ಗಾಳಿ ಹೊರಗ ಬಂದಿರ್ತದ. ವೈರ್ ಹೊರಗ ಎಳದು ಮಾಡಬಹುದಾದ್ರ ಎಳದ ಮಾಡ್ರಿ.

ಅಂಟಿನ ಸ್ಲೀವ್ ಸಿಗಲಿಲ್ಲಂದ್ರ ಸಾದಾ ಸ್ಲೀವಿನ್ಯಾಗೂ ಕೆಲಸ ಆಗ್ತದ: ವೈರಿನ ತುದಿಗೆ ಗ್ಲೂ ಗನ್ನಿನ ಅಂಟು ಒಂದು ಹನಿ ಬಿಟ್ಟು, ಅದರ ಮ್ಯಾಲ ಸಾದಾ ಸ್ಲೀವ್ ಎಳದು ಕಾಯಿಸಿದ್ರ ಅಂಟು ಮತ್ತ ಕರಗಿ ಹರೀತದ, ಅದರ ಮ್ಯಾಲ ಸ್ವಲ್ಪ ಉದ್ದಾದು ಇನ್ನೊಂದು ಸ್ಲೀವ್. ಕಾರಿನ ಒಳಗ ಇದು ಸಾಕು. ಇಂಜಿನ್ ಕಡೆ ಬ್ಯಾಡ, ಗ್ಲೂ ಗನ್ನಿನ ಅಂಟು ಆ ಬಿಸಿಗೆ ಮೆತ್ತಗಾಗ್ತದ.

ಒಂದಕ್ಕಿಂತ ಜಾಸ್ತಿ ತುದಿ ಒಂದ ಕಡೆ ಇದ್ರ ಎಲ್ಲಾ ಸಮಾ ಉದ್ದ ಕತ್ತರಿಸಬ್ಯಾಡ್ರಿ, ಒಂದಕ್ಕಿಂತ ಒಂದು 20 ಎಂಎಂ ಗಿಡ್ಡ ಇರ್ಲಿ, ಮೆಟ್ಟಲದಂಗ. ನಾಳೆ ಯಾವುದರ ಸ್ಲೀವ್ ಹರದ್ರೂ ಬಾಜೂ ತುದಿ ಅದರ ಎದುರಿಗೆ ಇರಂಗಿಲ್ಲ. ಎಲ್ಲಾ ಉಳದ ವೈರ್ ಸೇರಿಸಿ ಒಂದ ಗಂಟು ಹೊಸೆದು ಟೇಪ್ ಸುತ್ತಿದ್ದು ನಾ ಮೂರು ಗಾಡ್ಯಾಗ ನೋಡೇನಿ, ಅದರಾಗ ಒಂದು ಪ್ಲಸ್ಸು ಒಂದು ಅರ್ಥ್ ಇದ್ದಿದ್ರ ಏನಾಗ್ತಿತ್ತು ನೀವ ಹೇಳ್ರಿ. ಒಂದೊಂದು ತುದಿಗೂ ಬ್ಯಾರೆ ಬ್ಯಾರೆ ಟೊಪಗಿ.

ಮುಚ್ಚಿದ ತುದಿ ಎಲ್ಲಿ ಹ್ಯಾಂಗ ಕೂಡಿಸ್ತೀರಿ ಅನ್ನೂದೂ ಅಷ್ಟ ಮುಖ್ಯ. ವೈರ್ ಹಿಂದಕ್ಕ ಮಡಚಿ ಹಾರ್ನೆಸ್ಸಿನ ಗುಂಟ ಇಟ್ಟು, ತುದಿ ಮ್ಯಾಲ ಮುಖ ಮಾಡೂವಂಗ ಕಟ್ರಿ. ಮಳ್ಯಾಗ ಕಂಬಳಿ ಕೊಪ್ಪಿ ಹಾಕೊಂಡ್ರ ನೀರು ತಲಿ ಮ್ಯಾಲಿಂದ ಕೆಳಗ ಹರದು ಹೋಗ್ತದಲ್ಲ, ಸ್ಲೀವಿನ ಬಾಯಿ (ವೈರ್ ಒಳಗ ಹೊಕ್ಕ ಕಡೆ) ಕೆಳಗ ಇದ್ರ ನೀರು ವೈರಿನ ಗುಂಟ ಇಳದು ಬ್ಯಾರೆ ಕಡೆ ತೊಟ್ಟಿಕ್ತದ, ಬಾಯಿ ಮ್ಯಾಲ ಇದ್ರ ಅದರಾಗ ಹೋಗಿ ನಿಂದರ್ತದ. ಕಟ್ಟಾಕ ಬಟ್ಟಿ ಟೇಪ್, ಎರಡು ಕಡೆ. ಪ್ಲಾಸ್ಟಿಕ್ ಟೈ ಹಾಕಿದ್ರ ವೈರ್ ಕೊರಿಯೂವಷ್ಟು ಬಿಗೀಬ್ಯಾಡ್ರಿ. ಸೈಲೆನ್ಸರ್, ಫ್ಯಾನು, ಸ್ಟೀರಿಂಗ್ ರಾಡು, ಪೆಡಲ್, ಸೀಟಿನ ಹಳಿ ಇವುಗಳಿಂದ ದೂರ, ಜೋತು ಬಿದ್ದು ಅಲಗ್ಯಾಡಬಾರದು. ಡ್ಯಾಶ್‌ಬೋರ್ಡ್ ಕೆಳಗ ಕಾಲಿಗೆ ಸಿಗೂ ವೈರ್ ಒಂದೂ ಇರಬಾರದು, ಇದು ನಾ ಅಣ್ಣಿಗೇರಿ ದಾರ್‍ಯಾಗ ಕಲತದ್ದು.

ಕರಿ ಟೇಪಿನ ಮ್ಯಾಲ ನನಗ ಸಿಟ್ಟಿಲ್ಲ, ಅದರ ಜಾಗ ಬ್ಯಾರೆ. ಸಾದಾ ಪಿವಿಸಿ ಟೇಪ್ ತಡಕೊಳ್ಳೂದು 80 ಡಿಗ್ರಿ ಆಸುಪಾಸು, ಏಪ್ರಿಲ್ ಮೇ ತಿಂಗಳದಾಗ ಬಿಸಲಾಗ ನಿಂತ ಕಾರಿನ ಒಳಗ ಅದರ ಅಂಟು ಮೆತ್ತಗಾಗ್ತದ, ಇಂಜಿನ್ ಕಡೆ ಅದಕ್ಕಿಂತ ಜಾಸ್ತಿ ಬಿಸಿ. ಟೇಪ್ ಸುತ್ತಿದ ತುದ್ಯಾಗ ಸಂದಿ ಉಳದ ಉಳೀತದ, ನೀರು ಹೋಗ್ತದ, ಆದ್ರ ಬರಂಗಿಲ್ಲ. ದಾರ್‍ಯಾಗ ಮನಿ ಮುಟ್ಟೂತನಾ ಸರಿ, ವರ್ಷಗಟ್ಟಲೆ ಬಿಡಾಕಲ್ಲ. ಎಂ-ಸೀಲ್ ಹಚ್ಚೋರು ಅದಾರ, ಅದು ಕಲ್ಲಾಗಿ ಕೂತು ಅಲಗ್ಯಾಡಿದಾಗ ವೈರಿನ ಬುಡದಾಗ ಸೀಳತದ, ಮುಂದ ಆ ವೈರ್ ಬೇಕಾದ್ರ ಬಿಡಿಸಾಕೂ ಬರಂಗಿಲ್ಲ. ಫೆವಿಕ್ವಿಕ್ಕೂ ಹಂಗ, ಎಳಿ ಒಳಗ ಏರಿ ಬಿರುಸಾಗಿ ಮಡಚಿದಲ್ಲೆ ಪಟ್ ಅಂತದ. ಸಿಲಿಕಾನ್ ಹಚ್ಚೂದಾದ್ರ ಮೊದಲ ಮೂಸಿ ನೋಡ್ರಿ, ವಿನೆಗರ್ ವಾಸನಿ ಹೊಡದ್ರ ಅದರಾಗ ಅಸೆಟಿಕ್ ಆಸಿಡ್ ಬಿಡ್ತದ, ತಾಮ್ರ ತಿಂತದ, ನ್ಯೂಟ್ರಲ್ ಅಂತ ಬರದದ್ದ ತಗೋಬೇಕು. ಮನಿ ವೈರಿಂಗಿಗೆ ತಿರುವಿ ಹಾಕೂ ಟೊಪಗಿ ಗಾಡಿಗೆ ಬ್ಯಾಡ, ನಮ್ಮ ರಸ್ತೆದಾಗ ತಗ್ಗು ಹಾರಿ ಹಾರಿ ತಾನ ಬಿಚ್ಕೋತದ.

ಸ್ಟೀರಿಯೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರ ಬಿಟ್ಟ ತುದಿ ಭಾಳ ಇರೂದು ಅಲ್ಲೇ. ಹೊರಗಿಂದ ತಂದು ಹಾಕೂ ಸೆಟ್ಟಿನ್ಯಾಗ ಸಾಮಾನ್ಯವಾಗಿ ಹಳದಿ ನೇರ ಬ್ಯಾಟರಿ, ಕೆಂಪು ಕೀ ತಿರುವಿದಾಗ ಬರೂದು, ಕರಿ ಅರ್ಥ್, ಕಿತ್ತಳೆ ಲೈಟಿನದು, ನೀಲಿ ಆಂಟೆನಾಕ್ಕ, ನೀಲಿ ಮ್ಯಾಲ ಬಿಳಿ ಗೆರಿ ಆಂಪ್ಲಿಫೈಯರಿಗೆ. ಬಿಳಿ, ಬೂದಿ, ಹಸರ, ನೇರಳಿ ಜೋಡಿಗಳು ನಾಕು ಸ್ಪೀಕರಿಂದು, ಕರಿ ಗೆರಿ ಇದ್ದದ್ದು ಮೈನಸ್. ಕಂಪನಿ ಹಾರ್ನೆಸ್ಸಿನ ಬಣ್ಣ ಬ್ಯಾರೇನ ಇರ್ತಾವ, ಅದಕ್ಕ ಬಣ್ಣದ ಮ್ಯಾಲ ನಂಬಿಕಿ ಇಡದ ಮೀಟರ್ ಹಿಡದ ಮುಂದ ಹೋಗ್ರಿ. ಹಿಂದಿನ ಸ್ಪೀಕರ್ ಹಾಕಿಲ್ಲಂದ್ರ ಹಸರ ನೇರಳಿ ಜೋಡಿ ನಾಕು ತುದಿ ಖಾಲಿ ಉಳೀತಾವ, ಇವು ಪವರ್ ವೈರ್ ಅಲ್ಲಲ್ಲ ಅಂತ ಬೋಳ ಬಿಡ್ತಾರ. ಸೆಟ್ಟಿನ ಒಳಗಿನ ಐಸಿ (ಆವಾಜ್ ಏರಿಸೂ ಚಿಪ್) ಸ್ಪೀಕರಿನ ಎರಡೂ ವೈರಿನ್ಯಾಗ ಕರಂಟ್ ನೂಕತದ, ಮೈನಸ್ ಅಂತ ಬರದದ್ದೂ ಅರ್ಥ್ ಅಲ್ಲ, ಅದು ಬಾಡಿಗೆ ತಾಗಿದ್ರ ಆವಾಜ್ ಬಂದ್ ಆಗ್ತದ, ಐಸಿ ಹೋದ್ರೂ ಹೋತು. ನೀಲಿ ವೈರುಗಳಿಂದ 12 ವೋಲ್ಟ್ ಹೊರಗ ಬರ್ತದ, ಅವೂ ಬಾಡಿಗೆ ತಾಗಬಾರದು. ಅಂದ್ರ ಬಳಸಲಾರದ ಪ್ರತಿಯೊಂದು ತುದೀನೂ ಮುಚ್ಚಬೇಕು, ಹೊಸ ಸೆಟ್ ಹಾಕಿಸಾಕ ಹೋದಾಗ ಬಾಜೂ ನಿಂತು ಇದೊಂದು ಕೆಲಸ ಹೇಳಿ ಮಾಡಿಸ್ಕೋರಿ.

ನಡುವ ಗಾಯ ಆದ ವೈರೂ ಇದರಾಗ ಬರ್ತದ. ಟ್ಯಾಪ್ ಕನೆಕ್ಟರ್ ಅಂತ ಬರ್ತಾವಲ್ಲ, ಪಕ್ಕಡದಲೆ ಕಚ್ಚಿಸಿದ್ರ ಸಾಕು ಕನೆಕ್ಷನ್ ಆತು ಅನ್ನೂವು, ಅವನ್ನ ತಗದಾಗ ಮೇನ್ ವೈರಿನ ನಡುವ ಸೀಳು ಉಳೀತದ, ಒಳಗಿನ ತಾಮ್ರ ಕಾಣ್ತದ. ಅಲ್ಲಿ ಸ್ಲೀವ್ ಹಾಕಾಕ ಬರಂಗಿಲ್ಲ, ಯಾಕಂದ್ರ ವೈರ್ ಎರಡೂ ಕಡೆ ಮುಂದುವರದದ. ಅದಕ್ಕ ತನಗ ತಾನ ಅಂಟೂ ಸಿಲಿಕಾನ್ ಟೇಪ್ ತಗೋರಿ. ಅದಕ್ಕ ಅಂಟು ಇರಂಗಿಲ್ಲ, ಎಳದು ಎರಡರಷ್ಟು ಉದ್ದ ಮಾಡಿ ಅರ್ಧಕ್ಕರ್ಧ ಮ್ಯಾಲ ಬರೂವಂಗ ಸುತ್ತಬೇಕು, ಗಾಯದ ಎರಡೂ ಕಡೆ ಒಂದೊಂದು ಇಂಚು ದಾಟಿಸಿ. ಸುತ್ತಿದ ಮ್ಯಾಲ ಪದರು ಪದರು ಕೂಡಿ ಒಂದ ರಬ್ಬರ್ ಆಗ್ತದ. ಕೈಯಾಗಿನ ಜಿಗಿಟು ಹತ್ತಿದ್ರ ಕೂಡಂಗಿಲ್ಲ, ಕೈ ತೊಳಕೊಂಡ ಮುಟ್ರಿ. ಎಳಿ ಅರ್ಧ ಕಡದಿದ್ರ ಮಾತ್ರ ಟೇಪ್ ಉಪಯೋಗ ಇಲ್ಲ, ಕತ್ತರಿಸಿ ಹೊಸದಾಗಿ ಜೋಡಿಸಬೇಕು.

ಬೈಕಿನವರಿಗೆ: 2017ರ ಏಪ್ರಿಲ್ ನಂತರದ ಹೊಸ ಗಾಡ್ಯಾಗ ಹೆಡ್‌ಲೈಟ್ ಇಂಜಿನ್ ಕೂಡ ತಾನ ಹತ್ತೇ ಇರ್ತದ, ಸ್ವಿಚ್ ಇರಂಗಿಲ್ಲ, ಕೆಲವರು ವೈರ್ ಕತ್ತರಿಸಿ ಸ್ವಿಚ್ ಹಾಕಿ ಬ್ಯಾಡಾಗಿ ಮತ್ತ ತಗೀತಾರ. ತಗದ ಮ್ಯಾಲ ಹ್ಯಾಂಡಲ್ ಹತ್ರ ಎರಡು ತುದಿ ಉಳೀತಾವ, ಹ್ಯಾಂಡಲ್ ತಿರುವಿದಾಗೆಲ್ಲಾ ಉಜ್ಜತಾವ, ಅಲ್ಲಿ ಸ್ಲೀವ್ ಮ್ಯಾಲ ಬಟ್ಟಿ ಟೇಪ್ ಇನ್ನೊಂದು ಪದರು ಹಾಕ್ರಿ. ಫಾಗ್ ಲ್ಯಾಂಪಿಗೆ ಐದು ಕಾಲಿನ ರಿಲೇ (ಕರಂಟಿಲೆ ನಡಿಯೂ ಸ್ವಿಚ್) ಹಾಕಿದ್ರ ನಡುವಿನ 87ಎ ಕಾಲು ನೋಡ್ರಿ. ರಿಲೇ ಬಂದ್ ಇದ್ದಾಗ 30ನೇ ಕಾಲಿನ ಕರಂಟ್ ಹೋಗೂದು ಆ ಕಾಲಿಗೇ, ಅಂದ್ರ ಲ್ಯಾಂಪ್ ಆರಿಸಿದಾಗ ಖಾಲಿ ಬಿಟ್ಟ ಆ ವೈರಿನ್ಯಾಗ 12 ವೋಲ್ಟ್ ನಿಂತಿರ್ತದ. ರಿಲೇ ಸಾಕೆಟ್ಟಿನ್ಯಾಗಿಂದ ಆ ವೈರಿನ ಪಿನ್ನೇ ತಗದು ಬಿಡೂದು ಚಲೋ.

ಕಂಪನಿ ಕನೆಕ್ಟರ್ ಖಾಲಿ ಉಳದಿದ್ರ, ಉದಾಹರಣೆಗೆ ಕಡಿಮಿ ಮಾಡೆಲ್ಲಿನ್ಯಾಗ ಫಾಗ್ ಲ್ಯಾಂಪಿಂದು, ಅದನ್ನ ಕತ್ತರಿಸಬ್ಯಾಡ್ರಿ. ಗುಜರಿಯಿಂದ ಅದರ ಜೋಡಿ ಅರ್ಧ ತಂದು, ಅದರ ವೈರ್ ಕತ್ತರಿಸಿ ಹಿಂದ ಸಿಲಿಕಾನ್ ತುಂಬಿ, ಮುಚ್ಚಳದಂಗ ಹಾಕಿ ಬಿಡ್ರಿ. ರಬ್ಬರ್ ಸೀಲ್ ಇದ್ದ ಕನೆಕ್ಟರಿನ್ಯಾಗ ವೈರ್ ಇಲ್ಲದ ತೂತಿಗೆ ಬಿರಡಿ ಇರ್ತದ, ಅದು ಬಿದ್ದಿದ್ರ ಹೊಸಾದು ಹಾಕ್ರಿ, ಒಂದು ತೂತಿನಿಂದ ಹೋದ ನೀರು ಎಲ್ಲಾ ಪಿನ್ನಿಗೂ ಹಿಡೀತದ. ಅಲ್ಲಿ ವ್ಯಾಸಲಿನ್ ಬ್ಯಾಡ, ಕೆಲವು ರಬ್ಬರ್ ಉಬ್ಬತದ, ಸಿಲಿಕಾನ್ ಗ್ರೀಸ್ ಸರಿ.

ಟ್ರ್ಯಾಕ್ಟರಿನ ಹಿಂದಿನ ಟ್ರಾಲಿ ವೈರ್ ಬಗ್ಗೆ ಒಂದು ಮಾತು. ಟ್ರಾಲಿ ಬಿಚ್ಚಿದ ಮ್ಯಾಲ ಟ್ರಾಲಿ ವೈರಿನ ಪ್ಲಗ್ಗು ನೆಲಕ್ಕ ಜೋತು ಕೆಸರಾಗ ಬೀಳ್ತದ, ಟ್ರ್ಯಾಕ್ಟರ್ ಲೈಟ್ ಹಚ್ಚಿದಾಗ ಟ್ರ್ಯಾಕ್ಟರ್ ಕಡೆ ಸಾಕೆಟ್ಟಿನ ಪಿನ್ನಿಗೆ ಕರಂಟ್ ಇರ್ತದ. ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗ್ ಹೋಗಿದ್ರ ಸಾಕೆಟ್ ಬದಲಿ ಮಾಡ್ರಿ, ಪ್ಲಗ್ ಕೂಡಿಸಾಕ ಟ್ರಾಲಿ ಮೂಕಿಗೆ ಒಂದು ಖಾಲಿ ಸಾಕೆಟ್ ಬೋಲ್ಟ್ ಮಾಡ್ರಿ, ಬಿಚ್ಚಿದ ಕೂಡ್ಲೆ ಅದರಾಗ ಚುಚ್ಚಿಬಿಟ್ರ ಆತು. ಹಬ್ಬಕ್ಕ ದೀಪದ ಸರ, ಟೇಪ್ ರಿಕಾರ್ಡ್ ಅಂತ ಹಚ್ಚಿ ಉಳಿಸಿದ ವೈರೆಲ್ಲಾ ಬುಡದಿಂದ ತಗೀರಿ.

ಲೇಬಲ್ ಹಚ್ಚೂದು ಮರೀಬ್ಯಾಡ್ರಿ. ಸಣ್ಣ ಕಾಗದದ ಟೇಪ್ ಮ್ಯಾಲ "ಹಳೇ ಜಿಪಿಎಸ್, ನೇರ ಬ್ಯಾಟರಿ" ಅಂತ ಬಾಲ್‌ಪೆನ್ನಿಲೆ ಬರದು ವೈರಿಗೆ ಸುತ್ತಿ, ಅದರ ಮ್ಯಾಲ ಪಾರದರ್ಶಕ ಸ್ಲೀವ್ ಕಾಯಿಸಿದ್ರ ಎಣ್ಣಿ ನೀರಿಗೆ ಅಳಿಸಂಗಿಲ್ಲ. ಒಂದು ಫೋಟೋ ಮೊಬೈಲಿನ್ಯಾಗ ಇರ್ಲಿ. ನಾಳೆ ಆ ಗಾಡಿ ತಗೊಳ್ಳೋರು ಯಾರೋ, ರಾತ್ರಿ ಮಳ್ಯಾಗ ಡ್ಯಾಶ್ ಕೆಳಗ ತಲಿ ಹಾಕೋರು ಯಾರೋ, ಅವರಿಗೆ ಆ ಒಂದು ಸಾಲು ಎಷ್ಟು ದೊಡ್ಡ ಉಪಕಾರ ಅನ್ನೂದು ನನಗ ಗೊತ್ತದ.

ಬ್ಯಾಟರಿ ಹಚ್ಚಿದ ಮ್ಯಾಲ ಎರಡು ಪರೀಕ್ಷೆ. ಕರಂಟ್ ಇರೂ ತುದಿ ಮುಚ್ಚಿದ್ರ ಉಪ್ಪುನೀರಾಗ ತೋಯಿಸಿದ ಅರಿವಿ ತುಂಡು ಆ ಸ್ಲೀವಿಗೆ ಸುತ್ತಿ, ಮೀಟರ್ ವೋಲ್ಟಿಗೆ ಇಟ್ಟು ಕೆಂಪು ಪ್ರೋಬ್ ಅರಿವಿಗೆ, ಕರಿ ಬ್ಯಾಟರಿ ಮೈನಸ್‌ಗೆ ಹಿಡೀರಿ. ಸೊನ್ನೆ ಹತ್ರ ಬರಬೇಕು. ಏಳೆಂಟು ವೋಲ್ಟ್ ಕಂಡ್ರ ಎಲ್ಯೋ ಸಂದಿ ಅದ, ಕತ್ತರಿಸಿ ಮತ್ತ ಮಾಡ್ರಿ. ನೋಡಿದ ಮ್ಯಾಲ ಸಿಹಿನೀರಿಲೆ ಒರಸಿ ಬಿಡ್ರಿ. ಎರಡನೇದು, ಗಾಡಿ ಬಂದ್ ಮಾಡಿ ಬಾಗಲಾ ಹಾಕಿ, ಮೀಟರ್ 10 ಆಂಪಿಗೆ ಇಟ್ಟು ಬ್ಯಾಟರಿ ಮೈನಸ್ಸಿಗೂ ಅದರ ಕೇಬಲ್ಲಿಗೂ ನಡುವ ಹಾಕಿ ಅರ್ಧ ತಾಸು ಕಾಯ್ರಿ, ಇಸಿಯುಗಳು ಮಲಗಬೇಕು. 20ರಿಂದ 50 ಮಿಲಿಆಂಪ್ ಇದ್ರ ಸರಿ. 35 ಆಂಪ್‌ಅವರ್ ಬ್ಯಾಟರಿ 50 ಮಿಲಿಆಂಪಿಗೆ ಪೂರ್ತಿ ಇಳಿಯಾಕ ಸುಮಾರು 29 ದಿನ ಬೇಕು, 200 ಮಿಲಿಆಂಪ್ ಸೋರಿದ್ರ ಒಂದ ವಾರ. ಮೀಟರ್ ಹಾಕಿದಾಗ ಗಾಡಿ ಶುರು ಮಾಡಬ್ಯಾಡ್ರಿ, ಮುಗದ ಮ್ಯಾಲ ಕೆಂಪು ಪ್ರೋಬಿನ ಪಿನ್ ವೋಲ್ಟ್ ತೂತಿಗೆ ಹೊಳ್ಳಿ ಹಾಕ್ರಿ, ಆಂಪಿನ್ಯಾಗ ಇಟ್ಟು ಬ್ಯಾಟರಿಗೆ ಹಿಡದ್ರ ಅದ ಶಾರ್ಟ್.

ಆಮ್ಯಾಲ ವರ್ಷಕ್ಕ ಒಮ್ಮೆ, ಮಿರಗ ಮಳಿ ಹಿಡಿಯೂಕಿಂತ ಮೊದಲ, ಕಟ್ಟಿದ ತುದಿಗಳನ್ನ ಬೆರಳಿಲೆ ಮುಟ್ಟಿ ನೋಡ್ರಿ. ಸ್ಲೀವ್ ತಿರುಗಿದ್ರ ಅಂಟು ಬಿಟ್ಟದ ಅಂತ ಅರ್ಥ, ಒಂದು ಇಂಚು ಕತ್ತರಿಸಿ ಹೊಸಾದು ಹಾಕ್ರಿ, ಇದಕ್ಕನ ಮೊದಲನೇ ಸಲ ವೈರ್ ಒಂದು ಗೇಣು ಉದ್ದ ಬಿಟ್ಟು ಮಡಚಿರಬೇಕು.